ಮನೆಯಿಂದ ಕೆಲಸ: ಫೋನಿನ ಕಾಟ ನಿಂತದ್ದು ಹೀಗೆ

ಕಲಬುರಗಿಯಲ್ಲಿ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಮುಗಿಯಬೇಕಾದ ಲೆಕ್ಕ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಫೋನ್ ಟಿಣ್ ಅಂದಾಗಲೆಲ್ಲ ಕೈ ಅತ್ತ ಹೋಗುತ್ತಿತ್ತು.

ಸೈಲೆಂಟ್ ಮಾಡಿದರೆ ಆಳಂದದಿಂದ ಅಪ್ಪ ಮಾಡಿದ ಕರೆಯೂ ತಪ್ಪುತ್ತಿತ್ತು. ಪಕ್ಕದ ಕೋಣೆಯಲ್ಲಿಟ್ಟರೆ ಓಟಿಪಿಗಾಗಿ ಎದ್ದು ಓಡಬೇಕು. ಆ್ಯಪ್ ತೆಗೆದುಹಾಕಿದರೂ ಮತ್ತೆ ಹಾಕಿಕೊಳ್ಳೋಕೆ ಎಷ್ಟು ಹೊತ್ತು ಬೇಕು, ಅಲ್ವಾ?

ಕೆಲಸಕ್ಕೆ ಬಂದದ್ದು ಆಂಡ್ರಾಯ್ಡ್‌ನಲ್ಲೇ ಇರುವ ಎರಡು ಸೆಟ್ಟಿಂಗ್. ಮೊದಲು ಕಾಂಟ್ಯಾಕ್ಟ್ಸ್‌ನಲ್ಲಿ ಮನೆಯವರಿಗೆ, ಆಫೀಸಿನವರಿಗೆ ಸ್ಟಾರ್ ಹಾಕಿ. ಆಮೇಲೆ 'ಡು ನಾಟ್ ಡಿಸ್ಟರ್ಬ್' ತೆರೆದು, ಕಾಲ್ಸ್‌ನಲ್ಲಿ 'ಸ್ಟಾರ್ಡ್ ಕಾಂಟ್ಯಾಕ್ಟ್ಸ್' ಆರಿಸಿ. 'ರಿಪೀಟ್ ಕಾಲರ್ಸ್' ಆನ್ ಇರಲಿ. ಒಬ್ಬರೇ 15 ನಿಮಿಷದೊಳಗೆ ಎರಡನೇ ಸಲ ಮಾಡಿದರೆ ರಿಂಗ್ ಆಗುತ್ತದೆ. ನಂತರ ಷೆಡ್ಯೂಲ್‌ನಲ್ಲಿ 9:30ರಿಂದ 12:30 ಕೊಡಿ.

ಇನ್ನೊಂದು, ಫೋನ್ ಸೆಟ್ಟಿಂಗ್ಸ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿರುವ 'ಫೋಕಸ್ ಮೋಡ್', ಅಂದರೆ ಆರಿಸಿದ ಆ್ಯಪ್‌ಗಳನ್ನು ಸ್ವಲ್ಪ ಹೊತ್ತು ತಡೆದಿಡುವ ಸೌಲಭ್ಯ. ಅದರಲ್ಲಿ ವಾಟ್ಸಾಪ್, ಯೂಟ್ಯೂಬ್ ಟಿಕ್ ಮಾಡಿ ಅದೇ ಸಮಯ ಹಾಕಿ. ಮೆಸೇಜ್ ಆ್ಯಪ್‌ಗೆ ಟಿಕ್ ಹಾಕಬೇಡಿ, ಓಟಿಪಿ ಅಲ್ಲಿಗೇ ಬರೋದು. ಲ್ಯಾಪ್‌ಟಾಪ್‌ನ ವಾಟ್ಸಾಪನ್ನೂ 'ಲಿಂಕ್ಡ್ ಡಿವೈಸಸ್'ನಿಂದ ಲಾಗ್‌ಔಟ್ ಮಾಡಿ. ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ಸುಮ್ನೆ.

ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಎರಡೂ ಕಡೆ ಸಮಯವನ್ನು ಬೆಳಿಗ್ಗೆ 6ರಿಂದ 10ಕ್ಕೆ ಬದಲಿಸುತ್ತೇನೆ.