ಮಳೆಗಾಲದ ಕತ್ತಲೆ ಕೋಣೆಗೆ ವೆಬ್‌ಕ್ಯಾಮ್ ಲೈಟ್: ಸನ್‌ಪ್ಯಾಕ್ ಶೀಟಿನಲ್ಲಿ ಮನೆಯಲ್ಲೇ ಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹೆಂಚಿನ ಮನೆಗಳಲ್ಲಿ ಹಗಲು ಹನ್ನೊಂದಕ್ಕೂ ಲೈಟ್ ಹಾಕಬೇಕು. ಸೂರು ತಗ್ಗು, ಕಿಟಕಿಯಾಚೆ ಕಾಫಿ ತೋಟದ ಮರಗಳು. ಒಳಗೆ ಬರುವ ಬೆಳಕೇ ಕಡಿಮೆ, ಬಂದದ್ದಕ್ಕೂ ಎಲೆಯ ಹಸಿರು ಛಾಯೆ. ಇಂಥ ಕಡೆ ವೆಬ್‌ಕ್ಯಾಮ್ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹಿಡಿಯುತ್ತದೆ. ಸೆಕೆಂಡಿಗೆ 30 ಫ್ರೇಮ್ ಕೊಡಬೇಕಾದದ್ದು ಎಷ್ಟೋ ಸಲ 15ಕ್ಕೆ ಇಳಿಯುತ್ತದೆ. ಕೈ ಅಲ್ಲಾಡಿಸಿದರೆ ಮಸುಕು, ಮುಖದ ತುಂಬ ಕಾಳುಕಾಳು. ದುಬಾರಿ ಕ್ಯಾಮೆರಾ ತರುವ ಮೊದಲು ಬೆಳಕು ಸರಿಮಾಡಿಕೊಳ್ಳಿ.

ಬರೀ ಬಲ್ಬನ್ನು ಎದುರಿಗೆ ಇಟ್ಟರೆ ಮೂಗಿನ ನೆರಳು ಕೆನ್ನೆಯ ಮೇಲೆ ಗೆರೆ ಎಳೆದ ಹಾಗೆ ಬೀಳುತ್ತದೆ, ಹಣೆ ಮಿಂಚುತ್ತದೆ. ಬೆಳಕು ಸೂಸುವ ಮೈ ಅಗಲವಾಗಿರಬೇಕು, ಮುಖಕ್ಕೆ ಹತ್ತಿರವಿರಬೇಕು. ಮೃದು ಬೆಳಕಿನ ಗುಟ್ಟು ಇಷ್ಟೇ. ಕಿಟಕಿಯಾಚೆ ದಟ್ಟ ಮಂಜು ಕವಿದ ದಿನ ನೆರಳೇ ಬೀಳದಿರುವುದೂ ಇದರಿಂದಲೇ: ಬಿಸಿಲು ಒಂದು ಕಡೆಯಿಂದ ಬರುವ ಬದಲು ಇಡೀ ಆಕಾಶದಿಂದ ಬರುತ್ತದೆ.

ಅದಕ್ಕೇ ಒಳಗೆ ಬಲ್ಬ್ ಇಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ತಟ್ಟೆ ಮಾಡೋಣ. ಇನ್ನು ಸಾಮಾನು. ರಟ್ಟಿನ ಡಬ್ಬ, ಬಟರ್ ಪೇಪರ್ ಎಂದು ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಸರಿ, ಕೊಡಗಿನ ಶೀತಕ್ಕೆ ರಟ್ಟು ಮೆತ್ತಗಾಗುತ್ತದೆ, ಪೇಪರ್ ಜೋತುಬಿದ್ದು ಬೂಷ್ಟು ಹಿಡಿಯುತ್ತದೆ. ಬದಲಿಗೆ ಜಾಹೀರಾತು ಬೋರ್ಡಿಗೆ ಬಳಸುವ, ಎರಡು ಪದರದ ನಡುವೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆಯಾದ 5 ಮಿ.ಮೀ. ಬಿಳಿ ಸನ್‌ಪ್ಯಾಕ್ ಶೀಟ್ ತನ್ನಿ, 3 ಅಡಿ × 2.5 ಅಡಿ. ಹಳೇ ಬೋರ್ಡಾದರೂ ಆದೀತು, ಒಂದು ಮಗ್ಗುಲು ಬಿಳಿ ಇದ್ದರೆ ಸಾಕು. ಟೈಲರ್ ಅಂಗಡಿಯ ಬಿಳಿ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ ಅರ್ಧ ಮೀಟರ್. 9 ವ್ಯಾಟಿನ, 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಇದು ತಂಪು ಬಿಳಿ) ಎಂದು ಬರೆದಿರುವ ಎಲ್‌ಇಡಿ ಬಲ್ಬ್ ಎರಡು, ಆ್ಯಂಗಲ್ ಹೋಲ್ಡರ್ ಎರಡು, ನಟ್ಟು-ಬೋಲ್ಟು-ವಾಷರ್, ವೈರು, ಪ್ಲಗ್, ಬೈಂಡರ್ ಕ್ಲಿಪ್. ಹಳದಿ ಬಲ್ಬ್ ಬೇಡ. ಮೋಡದ ಬೆಳಕಿನ ಜೊತೆ ಅದು ಬೆರೆತರೆ ಮುಖದ ಒಂದು ಮಗ್ಗುಲು ನೀಲಿ, ಇನ್ನೊಂದು ಕಿತ್ತಳೆ ಆಗುತ್ತದೆ.

ಶೀಟನ್ನು 85 × 75 ಸೆಂ.ಮೀ.ಗೆ ಕತ್ತರಿಸಿ. ನಾಲ್ಕೂ ಮೂಲೆಯಲ್ಲಿ 20 ಸೆಂ.ಮೀ. ಚೌಕ ತೆಗೆಯಿರಿ. ಮಡಿಚುವ ಗೆರೆಯ ಮೇಲೆ ಹೊರಗಿನ ಪದರ ಮಾತ್ರ ಸೀಳುವ ಹಾಗೆ ಬ್ಲೇಡ್ ಆಡಿಸಿ, ಬಿಳಿ ಮಗ್ಗುಲು ಒಳಗೆ ಬರುವಂತೆ ಮಡಿಚಿದರೆ 45 × 35 × 20 ಸೆಂ.ಮೀ. ತಟ್ಟೆ ಸಿದ್ಧ. ಮೂಲೆಗಳನ್ನು ಕೇಬಲ್ ಟೈ ಹಾಕಿ ಬಿಗಿಯಿರಿ. ಫೆವಿಕಾಲ್ ಹಚ್ಚಿ ಕಾಯಬೇಡಿ, ಈ ಪ್ಲಾಸ್ಟಿಕ್ಕಿಗೆ ಅದು ಅಂಟುವುದಿಲ್ಲ. ಹೋಲ್ಡರಿಗೂ ಸ್ಕ್ರೂ ನಿಲ್ಲದು, ಬೋಲ್ಟು-ವಾಷರೇ ಬೇಕು.

ಹೆಚ್ಚಿನವರು ಎಡವುವುದು ಬಲ್ಬ್ ಕೂರಿಸುವಲ್ಲಿ. ಹಿಂದಿನ ಗೋಡೆಗೆ ಕೂರಿಸಿ ಬಟ್ಟೆಯ ಕಡೆ ತಿರುಗಿಸಿದರೆ ಬಟ್ಟೆಯ ಮೇಲೆ ಎರಡು ಉರಿಯುವ ಚುಕ್ಕೆ ಕಾಣುತ್ತವೆ. ಅಷ್ಟು ಕಷ್ಟಪಟ್ಟೂ ಬೆಳಕಿನ ಮೈ ಆ ಚುಕ್ಕೆಗಳಷ್ಟೇ ಆಗಿಬಿಡುತ್ತದೆ. ಎಡ-ಬಲದ ಗೋಡೆಗೆ, ಹಿಂಬದಿಯಿಂದ 7 ಸೆಂ.ಮೀ. ಮುಂದೆ, ಒಂದಕ್ಕೊಂದು ಮುಖ ಮಾಡಿ ಕೂರಿಸಿ. ಬೆಳಕು ಬಿಳಿ ಗೋಡೆಗೆ ಬಡಿದು ಹರಡಿ ಬರುತ್ತದೆ. ಅಲ್ಯೂಮಿನಿಯಂ ಫಾಯಿಲ್ ಅಂಟಿಸುವುದು ಬೇಡ, ಅದರ ಸುಕ್ಕುಗಳೇ ಮಚ್ಚೆಯಾಗಿ ಕಾಣುತ್ತವೆ. ಎರಡೂ ಹೋಲ್ಡರಿಗೆ ಪ್ಯಾರಲಲ್ ಸಂಪರ್ಕ ಕೊಡಿ. ವೈರಿಂಗ್ ಅಭ್ಯಾಸವಿಲ್ಲದಿದ್ದರೆ ಇದೊಂದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಎಲ್‌ಇಡಿಯ ಬುಡ ಬಿಸಿಯಾಗುವುದರಿಂದ ಮೇಲೆ-ಕೆಳಗೆ ಮೂರು ಮೂರು ತೂತು, 2 ಸೆಂ.ಮೀ. ಅಗಲದವು, ಇರಲೇಬೇಕು. ಹಳೇ ಕಾಲದ ತಂತಿ ಬಲ್ಬನ್ನು ಇದರೊಳಗೆ ಹಾಕಲೇಬೇಡಿ.

ತಟ್ಟೆಯ ತೆರೆದ ಬಾಯಿಗೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಕ್ಲಿಪ್ ಹಾಕಿ. ಆಗಲೂ ಚುಕ್ಕೆ ಕಂಡರೆ ಇನ್ನೊಂದು ಪದರ ಸೇರಿಸಿ.

ಕ್ಯಾಮೆರಾದ ಒಂದು ಮಗ್ಗುಲಿಗೆ, ಮುಖದಿಂದ 60–70 ಸೆಂ.ಮೀ. ದೂರ, ಕಣ್ಣಿಗಿಂತ ಗೇಣುದ್ದ ಮೇಲೆ ಇಟ್ಟು ತುಸು ಕೆಳಗೆ ಬಾಗಿಸಿ. ದೂರ ಇಮ್ಮಡಿಯಾದರೆ ಮುಖಕ್ಕೆ ಸಿಗುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ನೆರಳೂ ಗಟ್ಟಿಯಾಗುತ್ತದೆ. ಇನ್ನೊಂದು ಮಗ್ಗುಲಿಗೆ ಬಿಳಿ ಥರ್ಮಾಕೋಲ್ ನಿಲ್ಲಿಸಿದರೆ ನೆರಳಿನ ಕೆನ್ನೆ ತುಂಬಿಕೊಳ್ಳುತ್ತದೆ. ಕನ್ನಡಕದಲ್ಲಿ ಬೆಳಕಿನ ಚೌಕ ಕಂಡರೆ ಲೈಟನ್ನು ಇನ್ನಷ್ಟು ಮೇಲಕ್ಕೂ ಪಕ್ಕಕ್ಕೂ ಸರಿಸಿ. ಕೆಂಪು ರೆಡ್ ಆಕ್ಸೈಡ್ ನೆಲದ ಮನೆಯಲ್ಲಿ ಗಲ್ಲದ ಕೆಳಗೆ ಕೆಂಪು ಹೊಡೆಯುವುದುಂಟು. ಮೇಜಿನ ಮೇಲೊಂದು, ನೆಲದ ಮೇಲೊಂದು ಬಿಳಿ ಬಟ್ಟೆ ಹಾಸಿದರೆ ಹೋಗುತ್ತದೆ.

ಚಿತ್ರದಲ್ಲಿ ಅಡ್ಡಪಟ್ಟೆ ಓಡುತ್ತಿದ್ದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಫ್ರೀಕ್ವೆನ್ಸಿ 60 ಹರ್ಟ್ಸ್ ಇದ್ದೀತು, ನಮ್ಮ ಕರೆಂಟಿನದು 50, ಸೆಟ್ಟಿಂಗೂ ಅದೇ ಇರಬೇಕು. ಸರಿಪಡಿಸಿದರೂ ಓಡಿದರೆ ಬಲ್ಬಿನದೇ ದೋಷ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡಿ. ಮಿಣುಕುವ ಬಲ್ಬನ್ನು ಬದಲಿಸಿ. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ಅಂದಾಜಿಸುವ ಸೆಟ್ಟಿಂಗ್) ತೆಗೆದು ಸುಮಾರು 6000 ಕೆಲ್ವಿನ್ನಿಗೆ ನಿಲ್ಲಿಸಿದರೆ ಮೋಡ ಸರಿದಾಗಲೆಲ್ಲ ಮುಖದ ಬಣ್ಣ ಬದಲಾಗುವುದು ತಪ್ಪುತ್ತದೆ.

ಗಾಳಿ-ಮಳೆಗೆ ಮರ ಬಿದ್ದು ಕರೆಂಟ್ ಹೋಗುವ ದಿನಗಳಿಗೆ ಇದೇ ತಟ್ಟೆಯ ಹಿಂಗೋಡೆಗೆ 12 ವೋಲ್ಟಿನ ಬಿಳಿ ಎಲ್‌ಇಡಿ ಸ್ಟ್ರಿಪ್ 2 ಮೀಟರ್ ಸುತ್ತಿಸಿ ಅಂಟಿಸಿಡಿ. ಮೀಟರಿಗೆ 5 ವ್ಯಾಟಿನದಾದರೆ 0.8 ಆಂಪಿಯರ್ ಮಾತ್ರ ಬೇಕು, 12 ವೋಲ್ಟ್ 2 ಆಂಪಿಯರಿನ ರೂಟರ್ ಯುಪಿಎಸ್ ಸಾಕು. ರೂಟರೂ ಅದರಲ್ಲೇ ಇದ್ದರೆ ಅಡಾಪ್ಟರ್ ಮೇಲಿನ ಆಂಪಿಯರ್ ಕೂಡಿಸಿ ನೋಡಿಕೊಳ್ಳಿ. ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ನೇರ ಉರಿಯುವುದರಿಂದ ಮಿಣುಕುವ ತಂಟೆಯೂ ಇಲ್ಲ.

ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಹುಳುಗಳು ತೂತಿನಿಂದ ನುಗ್ಗಿ ಬಟ್ಟೆಯ ಹಿಂದೆ ಸಾಯುತ್ತವೆ, ಅವುಗಳ ನೆರಳು ಬಟ್ಟೆಯ ಮೇಲೆ ಕಾಣುತ್ತದೆ. ತೂತುಗಳಿಗೆ ಸೊಳ್ಳೆ ಪರದೆಯ ತುಂಡು ಟೇಪಿನಿಂದ ಅಂಟಿಸಿ. ಬಟ್ಟೆಯನ್ನು ತಿಂಗಳಿಗೊಮ್ಮೆ ಬಿಚ್ಚಿ ಒಗೆದು, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಕಟ್ಟಿ.