ಇಲಿಯ ಗೆಡ್ಡೆಯಲ್ಲಿ ಪ್ರತಿಜನಕ ಹುಡುಕಿದ್ದು: ನನ್ನ ಅನುಭವ

ಕಕ್ಕಡದ ಮಳೆಯಲ್ಲಿ ಮಡಿಕೇರಿಯ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ, ಪ್ರತಿಕಾಯದ (ಪರಕೀಯ ವಸ್ತುವಿಗೆ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೊಟೀನು) ಪರೀಕ್ಷೆಗೆ ಕೂರುವ ದಿನ ನಾನು ಮೊದಲು ಹೊಂದಿಸಿಕೊಳ್ಳುತ್ತಿದ್ದುದು ಒಂದು ಡಬ್ಬಿ ಪುಡಿ ಮಂಜುಗಡ್ಡೆಯನ್ನು. ಕೋಶಗಳು ಬೆಚ್ಚಗಾದರೆ ಪ್ರತಿಕಾಯ ಅಂಟಿದ ಪ್ರತಿಜನಕವು, ಅಂದರೆ ಪ್ರತಿಕಾಯ ಗುರುತು ಹಿಡಿಯುವ, ನಾನು ಗೆಡ್ಡೆಯ ಕೋಶಗಳ ಮೇಲೆ ಹುಡುಕುತ್ತಿದ್ದ ವಸ್ತು, ಮೇಲ್ಮೈಯ ಒಂದೆಡೆ ಗುಂಪುಗೂಡಿ ಒಳಗೆ ಸರಿದುಬಿಡುತ್ತದೆ.

ನನ್ನ ಬಳಿ ಇದ್ದದ್ದು ಬಾಲ್ಬ್-ಸಿ ತಳಿಯ ಇಲಿಯ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು, ಅಂದರೆ ಸಿಟಿ26. ಜೊತೆಗೆ, ವಿಕಿರಣಕ್ಕೊಡ್ಡಿದ ಅದೇ ಕೋಶಗಳನ್ನು ಅದೇ ತಳಿಯ ಇಲಿಗಳಿಗೆ ಚುಚ್ಚಿ ಪಡೆದು ಬೆಂಗಳೂರಿನಿಂದ ತರಿಸಿದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ, ಪ್ರತಿಕಾಯಗಳಿರುವ ದ್ರವ). ತಳಿ ಬೇರೆಯಾದರೆ ಇಲಿಯ ದೇಹ ಗೆಡ್ಡೆಯ ಗುರುತನ್ನು ಬಿಟ್ಟು ಪರಕೀಯ ಅಂಗಾಂಶದ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ಗೆಡ್ಡೆಯನ್ನು ತಿರಸ್ಕರಿಸಿದ ಇಲಿಗಳೂ ಆ ಗೆಡ್ಡೆ ಹುಟ್ಟಿದ ಇಲಿಯ ಚರ್ಮದ ಕಸಿಯನ್ನು ಒಪ್ಪಿಕೊಳ್ಳುತ್ತವೆಂದು ಪ್ರೆನ್ ಮತ್ತು ಮೇನ್ ಎಂಬ ಸಂಶೋಧಕರು 1957ರಲ್ಲಿ ತೋರಿಸಿದ ಮೇಲೆಯೇ, ಇಲಿಗಳು ತಿರಸ್ಕರಿಸುವುದು ಗೆಡ್ಡೆಯನ್ನೋ ಪರಕೀಯ ಅಂಗಾಂಶವನ್ನೋ ಎಂಬ ಸಂಶಯ ಬಗೆಹರಿದದ್ದು.

ಕೋಶಗಳನ್ನು ತಟ್ಟೆಯಿಂದ ಬಿಡಿಸಲು ಟ್ರಿಪ್ಸಿನ್ ಕಿಣ್ವ ಬಳಸಲಿಲ್ಲ. ಹುಡುಕುತ್ತಿರುವ ಮೇಲ್ಮೈ ಪ್ರೊಟೀನನ್ನೇ ಅದು ಕತ್ತರಿಸೀತೆಂದು ಕ್ಯಾಲ್ಸಿಯಂ ಹಿಡಿದಿಟ್ಟು ಕೋಶಗಳ ಹಿಡಿತ ಸಡಿಲಿಸುವ ಇಡಿಟಿಎ ದ್ರಾವಣವನ್ನು ಆರಿಸಿಕೊಂಡೆ. 5 ಲಕ್ಷ ಕೋಶಗಳಿಗೆ 50 ಪಟ್ಟು ತೆಳುವಾಗಿಸಿದ ಸೀರಂ ಸೇರಿಸಿ 30 ನಿಮಿಷ ಮಂಜಿನಲ್ಲಿಟ್ಟು, ಮೂರು ಸಲ ತೊಳೆದು, ಇಲಿಯ ಪ್ರತಿಕಾಯಕ್ಕೆ ಅಂಟುವ, ಫ್ಲೋರೆಸೀನ್ ಎಂಬ ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿದ ಮೇಕೆಯ ಪ್ರತಿಕಾಯ ಹಾಕಿದೆ. ಸೂಕ್ಷ್ಮದರ್ಶಕದಲ್ಲಿ ಕೋಶಗಳ ಅಂಚೆಲ್ಲ ಹಸಿರು. ಚುಚ್ಚುಮದ್ದಿಗೆ ಮೊದಲು ತೆಗೆದ ಸೀರಂ ಹಾಕಿದ ನಳಿಕೆ ಮಾತ್ರ ಕಪ್ಪಾಗಿಯೇ ಇತ್ತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲವೆಂದರೆ ಸುಳ್ಳಲ್ಲ.

ಹೋಲಿಕೆಗೆಂದು ಮರುದಿನ ಗುಲ್ಮದ (ಸ್ಪ್ಲೀನ್) ಕೋಶಗಳನ್ನು ತೆಗೆದುಕೊಂಡದ್ದು ನನ್ನ ಅವಿವೇಕ. ಅಲ್ಲಿನ, ಪ್ರತಿಕಾಯ ತಯಾರಿಸುವ ಬಿ ಕೋಶಗಳು ತಮ್ಮದೇ ಪ್ರತಿಕಾಯವನ್ನು ಮೈಮೇಲೆ ಹೊತ್ತಿರುವುದರಿಂದ ಸೀರಂ ಇಲ್ಲದೆಯೂ ಹೊಳೆದವು. ಬಳಿಕ ಅದೇ ತಳಿಯ, ಸಂಯೋಜಕ ಅಂಗಾಂಶದ ಸಾಮಾನ್ಯ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳನ್ನಿಟ್ಟರೆ ಅವೂ ಹಸಿರಾದವು. ಕಾರಣ ಹೊಳೆಯಲು ಒಂದು ವಾರ ಹಿಡಿಯಿತು: ಎರಡೂ ಬಗೆಯ ಕೋಶಗಳು ಬೆಳೆದದ್ದು ಕರುವಿನ ಸೀರಂ ಬೆರೆಸಿದ ಮಾಧ್ಯಮದಲ್ಲಿ, ಕೋಶಗಳಿಗೆ ಅಂಟಿದ್ದ ಆ ದನದ ಪ್ರೊಟೀನಿನ ವಿರುದ್ಧವೂ ಇಲಿಗಳು ಪ್ರತಿಕಾಯ ತಯಾರಿಸಿದ್ದವು.

ಆದ್ದರಿಂದ, ದನದ ಪ್ರೊಟೀನಿಗೆ ಅಂಟುವ ಪ್ರತಿಕಾಯಗಳು ಕೋಶಗಳಿಗಂಟಿ ಕಳಚಿಹೋಗಲೆಂದು, ಸೀರಂ ಅನ್ನು ಫೈಬ್ರೋಬ್ಲಾಸ್ಟ್‌ಗಳ ಜೊತೆ ತಲಾ ಒಂದು ಗಂಟೆಯಂತೆ ಮೂರು ಸಲ ಮಂಜಿನಲ್ಲಿಟ್ಟು, ಪ್ರತಿ ಸಲವೂ ಕೋಶಗಳನ್ನು ತಳಕ್ಕಿಳಿಸಿ ಮೇಲಿನ ದ್ರವವನ್ನಷ್ಟೇ ಉಳಿಸಿಕೊಂಡೆ. ಈಗ ಫೈಬ್ರೋಬ್ಲಾಸ್ಟ್‌ಗಳು ಕಪ್ಪಾದವು. ಸಿಟಿ26ರ ಹೊಳಪು ತಗ್ಗಿತಾದರೂ ಅಳಿಯಲಿಲ್ಲ.

ಕೊನೆಗೆ ಅದೇ ತಳಿಯ ಸ್ತನ ಕ್ಯಾನ್ಸರಿನ 4ಟಿ1 ಕೋಶಗಳನ್ನೂ ಪರೀಕ್ಷಿಸಿದೆ. ಅವೂ ಹೊಳೆದವು. ಇಲಿಯ ವಂಶವಾಹಿಯಲ್ಲೇ ಅಡಗಿರುವ ರೆಟ್ರೋವೈರಸ್ಸಿನ ಜಿಪಿ70 ಎಂಬ ಹೊದಿಕೆ ಪ್ರೊಟೀನು ಈ ಎರಡೂ ಗೆಡ್ಡೆಗಳಲ್ಲಿ ಪ್ರಕಟವಾಗುವುದು ತಿಳಿದ ವಿಷಯವಾದ್ದರಿಂದ, ನನ್ನ ಅನುಮಾನ ಅದರ ಮೇಲೆಯೇ ಇದೆ. ದಾಖಲೆ ಪುಸ್ತಕದಲ್ಲಿ ಬರೆದಿದ್ದ ‘ಸಿಟಿ26ಕ್ಕೆ ವಿಶಿಷ್ಟ’ ಎಂಬುದನ್ನು ಹೊಡೆದುಹಾಕಿ ‘ಎರಡು ಗೆಡ್ಡೆಗಳಲ್ಲಿ ಸಮಾನ’ ಎಂದು ಬರೆದೆ.