ಕ್ವಾಡ್ ಟಿಪ್ಪಣಿ: ದೇಶಕ್ಕೊಂದು ಪುಟ ಬೇಡ, ಕಡಲಿಗೊಂದು ಪುಟ ಇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಐಎಎಸ್, ಕೆಎಎಸ್‌ಗೆ ಓದುವವರು ‘ಕ್ವಾಡ್’ ಅನ್ನುವ ನಾಲ್ಕು ದೇಶಗಳ ಕೂಟದ ಬಗ್ಗೆ ಟಿಪ್ಪಣಿ ಮಾಡುವಾಗ ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳಿಗೆ ಒಂದೊಂದು ಪುಟ ಇಡುತ್ತಾರೆ. ಆಗ ನಾಲ್ಕರಲ್ಲೂ ‘ಚೀನಾದ ಆತಂಕ’ ಅನ್ನುವ ಒಂದೇ ಸಾಲು ಬಂದು ಕೂತು, ವ್ಯತ್ಯಾಸ ಮುಚ್ಚಿಹೋಗುತ್ತದೆ. ಪುಟ ಕಡಲಿಗೊಂದು ಇರಲಿ.

ಮೊದಲು ನಕ್ಷೆಯ ಮೇಲೆ ಎರಡು ಗೆರೆ ಹಾಕಿ. ಹಿಂದೂ ಮಹಾಸಾಗರ, ಪೆಸಿಫಿಕ್ ಸಾಗರ ಎರಡೂ ಸೇರಿದ ವಲಯವೇ ಇಂಡೋ-ಪೆಸಿಫಿಕ್. ಅಮೆರಿಕದ ಇಂಡೋ-ಪೆಸಿಫಿಕ್ ಸೇನಾ ಕಮಾಂಡಿನ ವ್ಯಾಪ್ತಿ ಭಾರತದ ಪಶ್ಚಿಮ ಅಂಚಿಗೆ ಮುಗಿಯುತ್ತದೆ. ಅದರಾಚೆಯ ಅರಬ್ಬಿ ಸಮುದ್ರವನ್ನು ನೋಡಿಕೊಳ್ಳುವುದು ಬಹ್ರೇನ್‌ನಲ್ಲಿರುವ ಅಮೆರಿಕದ್ದೇ 5ನೇ ನೌಕಾಪಡೆ. ಭಾರತದ ಲೆಕ್ಕದಲ್ಲಿ ಇಂಡೋ-ಪೆಸಿಫಿಕ್ ಶುರುವಾಗುವುದೇ ಆಫ್ರಿಕಾದ ಪೂರ್ವ ಕರಾವಳಿಯಿಂದ. ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಎರಡು ಗೆರೆಗಳ ನಡುವಿನ ನೀರಿಗೆ.

ಆಮೇಲೆ ಪ್ರತಿ ಕಡಲಿಗೂ ಮೂರು ಪ್ರಶ್ನೆ ಹಾಕಿ: ಅಲ್ಲಿ ಯಾರ ನೆಲದ ಪ್ರಶ್ನೆ ಇದೆ? ಕಾನೂನನ್ನು ಯಾರು ಹೇಗೆ ಓದುತ್ತಾರೆ? ಹಡಗು ಹೋದರೆ ಯಾರ ಆಜ್ಞೆಯಡಿ ಹೋಗುತ್ತದೆ?

ನೆಲದ ಪ್ರಶ್ನೆ ಸುಲಭ. ಚೀನಾ ತನ್ನದೆನ್ನುವ, ಪೂರ್ವ ಚೀನಾ ಸಮುದ್ರದ ಸೆಂಕಾಕು ದ್ವೀಪಗಳು ಜಪಾನಿನ ಚಿಂತೆ. 2022ರಲ್ಲಿ ಆಸ್ಟ್ರೇಲಿಯಾಕ್ಕೆ ಹತ್ತಿರದ ದ್ವೀಪರಾಷ್ಟ್ರ ಸಾಲೊಮನ್ ದ್ವೀಪಗಳು ಚೀನಾ ಜೊತೆ ಮಾಡಿಕೊಂಡ ಭದ್ರತಾ ಒಪ್ಪಂದ ಆಸ್ಟ್ರೇಲಿಯಾದ ಚಿಂತೆ. ಈ ಎರಡೂ ದೇಶಗಳಿಗೆ ಅಮೆರಿಕದ ಜೊತೆ ರಕ್ಷಣಾ ಒಪ್ಪಂದವಿದೆ, ಭಾರತಕ್ಕಿಲ್ಲ. ಹಾಗಾಗಿ ಕ್ವಾಡ್ ಅನ್ನು ‘ಮಿಲಿಟರಿ ಮೈತ್ರಿಕೂಟ’ ಎಂದು ಬರೆದರೆ ತಪ್ಪು.

ಕಾನೂನಿನ ಪ್ರಶ್ನೆ ಬಿಡಲೇಬೇಡಿ. 1982ರ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ 12 ನಾಟಿಕಲ್ ಮೈಲಿ (ಸುಮಾರು 22 ಕಿ.ಮೀ.) ದೇಶದ ಸ್ವಂತ ಕಡಲು, 200 ಮೈಲಿವರೆಗೆ (ಸುಮಾರು 370 ಕಿ.ಮೀ.) ವಿಶೇಷ ಆರ್ಥಿಕ ವಲಯ, ಅಂದರೆ ಮೀನು, ಖನಿಜಗಳ ಮೇಲೆ ಆ ದೇಶಕ್ಕೇ ಹಕ್ಕಿರುವ ನೀರು. 2021ರ ಏಪ್ರಿಲ್ 7ರಂದು ಅಮೆರಿಕದ ‘ಜಾನ್ ಪಾಲ್ ಜೋನ್ಸ್’ ಯುದ್ಧನೌಕೆ ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ಮೈಲಿಯಲ್ಲಿ, ಭಾರತದ ಒಪ್ಪಿಗೆ ಕೇಳದೆ ಸಾಗಿತು; ಅದನ್ನು ಅಮೆರಿಕದ 7ನೇ ನೌಕಾಪಡೆ ತಾನೇ ಪ್ರಕಟಿಸಿತು. ಆ ವಲಯದಲ್ಲಿ ಸೇನಾ ಕಸರತ್ತಿಗೆ ಒಪ್ಪಿಗೆ ಬೇಕು ಅನ್ನುವುದು ಭಾರತದ ನಿಲುವು, ಬೇಡ ಅನ್ನುವುದು ಅಮೆರಿಕದ್ದು. ಒಡಂಬಡಿಕೆಯನ್ನು ಭಾರತ 1995ರಲ್ಲಿ ಸ್ಥಿರೀಕರಿಸಿದೆ, ಅಮೆರಿಕ ಇನ್ನೂ ಇಲ್ಲ. ಈ ಒಂದು ವಿಷಯದಲ್ಲಿ ಭಾರತದ ವಾದ ಚೀನಾದ ವಾದಕ್ಕೇ ಹತ್ತಿರ. ಪರೀಕ್ಷೆಯಲ್ಲಿ ಇದನ್ನು ಬರೆಯಲು ಹಿಂಜರಿಯಬೇಡಿ.

ಮೂರನೆಯದಕ್ಕೆ ಕೆಂಪು ಸಮುದ್ರ ನೋಡಿ. ಯೆಮೆನ್ನಿನ ಹೂಥಿ ಬಂಡುಕೋರರು ಹಡಗುಗಳ ಮೇಲೆ ನಡೆಸಿದ ದಾಳಿಯಿಂದ ಎಲ್ಲರ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಆದರೂ 2023ರ ಡಿಸೆಂಬರಿನಲ್ಲಿ ಶುರುವಾದ ಅಮೆರಿಕ ನೇತೃತ್ವದ ಕಾರ್ಯಾಚರಣೆಗೆ ಭಾರತ ಸೇರದೆ, ಅರಬ್ಬಿ ಸಮುದ್ರಕ್ಕೆ ತನ್ನ ಹಡಗುಗಳನ್ನು ಪ್ರತ್ಯೇಕವಾಗಿ ಕಳಿಸಿತು. ಹಿತ ಒಂದೇ, ಆಜ್ಞೆ ಬೇರೆ.

ವ್ಯಾಪಾರ ಒಂದು ಕಡೆ, ಜಗಳ ಇನ್ನೊಂದು ಕಡೆ ಇರಬಹುದು ಅನ್ನುವುದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಪೋರ್ಚುಗೀಸರಿಗೆ ಕಾಳುಮೆಣಸು ಮಾರಿದ ಕೆಳದಿ ಸಂಸ್ಥಾನವೇ 1650ರ ದಶಕದಲ್ಲಿ ಶಿವಪ್ಪನಾಯಕನ ಕಾಲಕ್ಕೆ ಕರಾವಳಿಯ ಅವರ ಕೋಟೆಗಳನ್ನು ಕಿತ್ತುಕೊಂಡಿತು.

ಕೊನೆಗೆ ಪ್ರತಿ ಸಾಲಿನ ಮುಂದೆ ವರ್ಷ ಹಾಕಿ. ಈಗ ನಾಲ್ಕೂ ದೇಶಗಳ ನೌಕಾಪಡೆಗಳು ಸೇರಿ ನಡೆಸುವ ಮಲಬಾರ್ ಸಮರಾಭ್ಯಾಸ 1992ರಲ್ಲಿ ಭಾರತ, ಅಮೆರಿಕ ಎರಡೇ ದೇಶಗಳದ್ದು. ಜಪಾನ್ ಕಾಯಂ ಆದದ್ದು 2015ರಲ್ಲಿ. 2007ರಲ್ಲಿ ಬಂದಿದ್ದ ಆಸ್ಟ್ರೇಲಿಯಾ ಮತ್ತೆ ಬಂದದ್ದು 2020ರಲ್ಲಿ. ವರ್ಷ ಇಲ್ಲದಿದ್ದರೆ ಯಾವ ಕಾಲದ ಮಾತು ಅನ್ನುವುದೇ ತಿಳಿಯುವುದಿಲ್ಲ.